ನಲವತ್ತೆರಡು ತೊಗರಿ ಕಾಳು

ಶಾಲಾ ಪ್ರವಾಸದ ಬಸ್ಸಿನ ವಾಸನೆ ನಿಮಗೂ ಗೊತ್ತಿರಬೇಕು. ಹತ್ತಾರು ಬುತ್ತಿ ಗಂಟುಗಳ ಶೇಂಗಾ ಹಿಂಡಿ ಚಟ್ನಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬೆಳಿಗ್ಗೆ ತಾಯಂದಿರು ಧಾರಾಳವಾಗಿ ಬಳಿದು ಕಳಿಸಿದ ಕೊಬ್ಬರಿ ಎಣ್ಣೆ, ಅದರ ಮೇಲೆ ಡೀಸೆಲ್ ಹೊಗೆ, ವಾಂತಿ ಬಾರದಿರಲೆಂದು ಮಕ್ಕಳು ಮುಷ್ಟಿಯಲ್ಲಿ ಹಿಡಿದು ಮೂಸುವ ನಿಂಬೆಹಣ್ಣು. ಉಳಿದವರಿಗೆ ಅದು ಖುಷಿಯ ವಾಸನೆ. ನನಗಲ್ಲ.

ಹದಿನಾಲ್ಕು ವರ್ಷದ ನೌಕರಿಯಲ್ಲಿ ನಾನು ಒಂದು ಪ್ರವಾಸಕ್ಕೂ ಹೋಗಿರಲಿಲ್ಲ. ಒಂದು ವರ್ಷ ಅತ್ತೆಗೆ ಜ್ವರ, ಇನ್ನೊಂದು ವರ್ಷ ನನಗೆ ಸೊಂಟನೋವು, ಮತ್ತೊಂದು ವರ್ಷ ಯಾರದೋ ಮದುವೆ. ಈ ಜೂನ್‌ನಲ್ಲಿ ನಿಂಬರ್ಗಾ ಕಡೆಯ ಶಾಲೆಗೆ ವರ್ಗವಾಗಿ ಬಂದೆ. ಚಳಿಗಾಲ ಬರುವಷ್ಟರಲ್ಲಿ ನೆವಗಳೆಲ್ಲ ಖರ್ಚಾಗಿದ್ದವು. ಮುಖ್ಯಗುರುಗಳು ಪಟ್ಟಿ ಕೈಗಿಟ್ಟು, "ಹುಡುಗ್ರು ನಿಮಗ ಅಂಜ್ತಾವ್ರಿ ಟೀಚರ. ನೀವು ಹೋದ್ರ ನನಗ ಫಿಕರ್ ಇರಂಗಿಲ್ಲ" ಅಂದರು. ಹೊಗಳಿದ್ದೇನೆ ಎಂದು ಅವರು ತಿಳಿದಿದ್ದರು.

ಹೋದ ತಿಂಗಳು ಪ್ರವಾಸದ ದಿನ ಬೆಳಿಗ್ಗೆ ಆರೂವರೆಗೆ ಬಸ್ಸಿನ ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತಿದ್ದೆ. ಒಬ್ಬೊಬ್ಬರ ತಲೆ ಮುಟ್ಟಿ ಹತ್ತಿಸುತ್ತಿದ್ದೆ. ಏಳನೇ ಕ್ಲಾಸಿನ ಭಾಗ್ಯಶ್ರೀ ಬಂದಳು. ಲೆಕ್ಕದಲ್ಲಿ ಬಲು ಚುರುಕು. ಅವಳ ಹಿಂದೆ ಸೀರೆಯ ಸೆರಗನ್ನು ಕಿವಿಗೆ ಸುತ್ತಿಕೊಂಡು ಅವಳ ತಾಯಿ ಬಂದಿದ್ದಳು. ಆ ತಾಯಿ ಯಾರೆಂಬುದು ನನಗೆ ಜೂನ್ ತಿಂಗಳಿಂದಲೇ ಗೊತ್ತಿತ್ತು. "ನಮ್ಮವ್ವನ ತವರಮನಿ ಕರಜಗಿ ಹತ್ರ ಅದರಿ ಟೀಚರ, ಆಕಿ ಹೆಸರು ರೇಣುಕಾ" ಎಂದು ಮಗಳು ಹೇಳಿದ ದಿನದಿಂದ ಪಾಲಕರ ಸಭೆ ಇದ್ದಾಗಲೆಲ್ಲ ನಾನು ಅಡುಗೆ ಕೋಣೆಯ ಬೇಳೆ ಅಕ್ಕಿ ನೋಡುವ ನೆವದಲ್ಲಿ ಒಳಗೇ ಉಳಿಯುತ್ತಿದ್ದೆ. ಆವತ್ತು ಬಸ್ಸಿನ ಬಾಗಿಲು ಬಿಟ್ಟು ಎಲ್ಲಿಗೂ ಹೋಗುವಂತಿರಲಿಲ್ಲ.

ರೇಣುಕಾ ನನ್ನ ಮುಖ ನೋಡಿದಳು. ಕಪ್ಪಾಗಿದ್ದಳು, ಸಣ್ಣಗಾಗಿದ್ದಳು, ನಗು ಮಾತ್ರ ಅದೇ ಇತ್ತು.

"ಕಾಳು ಇಲ್ಲೇನ್ರಿ ಟೀಚರ?" ಅಂದಳು.

ಅಷ್ಟೇ. ಮಗಳ ಜಡೆ ಸರಿ ಮಾಡಿ ಹಿಂದೆ ಸರಿದಳು. ನಾನು ಪಟ್ಟಿಯಲ್ಲಿ ಭಾಗ್ಯಶ್ರೀಯ ಹೆಸರಿಗೆ ಎರಡು ಸಲ ಗುರುತು ಹಾಕಿದೆ.

ನಾನೂ ರೇಣುಕಾಳೂ ಏಳನೇ ಕ್ಲಾಸಿನಲ್ಲಿದ್ದ ವರ್ಷದ ಚಳಿಗಾಲದ ಮಾತು ಇದು. ನಮ್ಮೂರು ಅಫಜಲಪುರ ತಾಲ್ಲೂಕಿನದು, ಕರಜಗಿಯಿಂದ ಎರಡು ಹರದಾರಿ. ನಮ್ಮಪ್ಪನಿಗೆ ಹೊಲ ಇತ್ತು, ಶಾಲೆಯ ಕಮಿಟಿಯಲ್ಲಿ ಕುರ್ಚಿ ಇತ್ತು, ಊರಲ್ಲಿ ಎಲ್ಲರೂ ಗೌಡ್ರು ಅನ್ನುತ್ತಿದ್ದರು. ರೇಣುಕಾಳ ಅಪ್ಪ ಅವ್ವ ನಮ್ಮ ಹೊಲದಲ್ಲೇ ಕೂಲಿ ಮಾಡುತ್ತಿದ್ದರು. ನಾವಿಬ್ಬರು ಒಂದೇ ಬೆಂಚು. ನಾನು ಮಾನಿಟರ್. ಯಾಕೆಂದರೆ ನಾನು ಗೌಡರ ಮಗಳು. ಲೆಕ್ಕ ಬರುತ್ತಿದ್ದುದು ಅವಳಿಗೆ.

ಶಾಲೆಯಲ್ಲಿ ಇಬ್ಬರು ನಮಗೆ ಮುಖ್ಯ. ಒಬ್ಬರು ಚಂದ್ರು ಸರ್. ಅವರು ಕ್ಲಾಸಿಗೆ ಬಂದರೆ ಹಬ್ಬ. ಹಾಡು ಹೇಳಿಸುವರು, ನಕಲಿ ಮಾಡಿ ನಗಿಸುವರು, ಪರೀಕ್ಷೆ ಮುಂದೆ ಹಾಕುವರು. ಹೋಂವರ್ಕ್ ಮಾಡಿಲ್ಲವೆಂದರೆ "ಹೋಗ್ಲಿ ಬಿಡು" ಅನ್ನುವರು. ಮಳೆ ಬಂದರೂ ಹೋಗ್ಲಿ ಬಿಡು, ಗಂಟೆ ಹೊಡೆಯದಿದ್ದರೂ ಹೋಗ್ಲಿ ಬಿಡು. ಅವರ ಮೇಲೆ ನಮಗೆಷ್ಟು ಪ್ರೀತಿಯೆಂದರೆ ಅವರ ಸೈಕಲ್ ಒರೆಸಲು ಪಾಳಿ ಹಚ್ಚಿ ಜಗಳಾಡುತ್ತಿದ್ದೆವು.

ಇನ್ನೊಬ್ಬರು ಪುತಳಾಬಾಯಿ ಟೀಚರ್. ಜೇವರ್ಗಿ ಕಡೆಯವರು. ಉಗುರು ನೋಡುವರು, ತಲೆ ನೋಡುವರು, ಮಗ್ಗಿ ತಪ್ಪಿದರೆ ಅಂಗೈ ಮೇಲೆ ಮರದ ಪಟ್ಟಿಯಿಂದ ಒಂದೇ ಏಟು, ಎರಡಲ್ಲ. ಗೌಡರ ಮಗಳಿಗೂ ಒಂದೇ, ಕೂಲಿಯವರ ಮಗಳಿಗೂ ಒಂದೇ. ನನಗೆ ಸಿಟ್ಟು ಬರುತ್ತಿದ್ದುದು ಅದಕ್ಕೇ. ಊರಲ್ಲಿ ಅವರಿಗೆ ಯಾರೂ ಬಾಡಿಗೆ ಮನೆ ಕೊಟ್ಟಿರಲಿಲ್ಲ. ಶಾಲೆಯ ಹಿಂದಿನ ಹಳೇ ಕೋಣೆಯಲ್ಲಿ ಒಬ್ಬರೇ ಇರುತ್ತಿದ್ದರು. ಗೋಡೆಗೆ ಬಾಬಾಸಾಹೇಬರ ಫೋಟೋ, ಬುದ್ಧನ ಒಂದು ಸಣ್ಣ ಮೂರ್ತಿ, ಒಂದು ಟ್ರಂಕು, ಒಂದು ಸ್ಟೋವು. ಜನಗಣತಿಗೋ ಯಾವುದಕ್ಕೋ ಅವರು ನಮ್ಮ ಮನೆಗೆ ಬಂದಾಗ ಅವ್ವ ಚಹಾವನ್ನು ಬೇರೆ ಲೋಟದಲ್ಲಿ ಕೊಟ್ಟಿದ್ದಳು. ಆ ಲೋಟ ಯಾವ ಮೂಲೆಯಲ್ಲಿರುತ್ತದೆ ಎಂಬುದು ನನಗೆ ಗೊತ್ತಿತ್ತು. ಅದನ್ನು ತಂದುಕೊಟ್ಟವಳೇ ನಾನು.

ಆ ವರ್ಷ ಟೀಚರ್ ನಾನೂ ರೇಣುಕಾಳೂ ಸೇರಿ ಏಳು ಜನ ಹುಡುಗಿಯರನ್ನು ಆರಿಸಿಕೊಂಡಿದ್ದರು. ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ತಯಾರು ಮಾಡಲು ಬೆಳಿಗ್ಗೆ ಏಳಕ್ಕೆ ಕ್ಲಾಸು ತೆಗೆದುಕೊಳ್ಳುತ್ತಿದ್ದರು. ಅಂಥ ಚಳಿಯಲ್ಲಿ, ಮಂಜಿನಲ್ಲಿ. ಶಾಲು ಹೊದ್ದು ನಡುಗುತ್ತ ಹೋದರೆ ಟೀಚರ್ ಆಗಲೇ ಬೋರ್ಡಿನ ಮೇಲೆ ಹತ್ತು ಲೆಕ್ಕ ಬರೆದು ಕೂತಿರುತ್ತಿದ್ದರು. "ರೇಣುಕಾ, ನೀ ಪಾಸಾಗದಿದ್ರ ಯಾರೂ ಆಗಂಗಿಲ್ಲ" ಎಂದು ಒಮ್ಮೆ ಅಂದಿದ್ದರು. ಅವರ ಬಾಯಿಂದ ನಾನು ಕೇಳಿದ ಹೊಗಳಿಕೆ ಅದೊಂದೇ. ಅದೂ ನನಗಲ್ಲ.

ತೊಗರಿ ಕಾಯಿ ತುಂಬುವ ಹೊತ್ತಿಗೆ ಪ್ರವಾಸ ಗೊತ್ತಾಯಿತು. ಒಂದು ದಿನದ್ದು. ಗಾಣಗಾಪುರ, ಅಲ್ಲಿಂದ ಕಲಬುರಗಿ ಕೋಟೆ, ಸಂಜೆ ವಾಪಸ್. ನಲವತ್ತೆರಡು ಮಕ್ಕಳು, ಇಬ್ಬರು ಮಾಸ್ತರರು. ಹಿಂದಿನ ದಿನ ಪುತಳಾಬಾಯಿ ಟೀಚರ್ ಹಲ್ಲುಪುಡಿಯ ಖಾಲಿ ಡಬ್ಬಿಯೊಂದನ್ನು ತಂದು ತೋರಿಸಿದರು. ಒಳಗೆ ನಲವತ್ತೆರಡು ತೊಗರಿ ಕಾಳು.

"ಬಸ್ ಇಳಿಯುವಾಗ ಒಬ್ಬೊಬ್ಬರು ಒಂದು ಕಾಳು ತಗೋಬೇಕು. ಹತ್ತುವಾಗ ಡಬ್ಬ್ಯಾಗ ಹಾಕಬೇಕು. ಡಬ್ಬಿ ತುಂಬಲಿಲ್ಲಂದ್ರ ಬಸ್ ಹೊಂಡಂಗಿಲ್ಲ."

"ತಲಿ ಎಣಿಸಿದ್ರ ಸಾಕಲ್ರಿ ಟೀಚರ?" ಅಂದರು ಚಂದ್ರು ಸರ್, ನಗುತ್ತ.

"ತಲಿ ಓಡಾಡ್ತಾವ್ರಿ ಸರ್. ಕಾಳು ಓಡಾಡಂಗಿಲ್ಲ."

ಟೀಚರ ಅಪ್ಪ ಜೇವರ್ಗಿ ಕಡೆ ಬೇರೆಯವರ ಕಣಗಳಲ್ಲಿ ರಾಶಿ ಅಳೆಯುತ್ತಿದ್ದವರಂತೆ. ಒಂದು ಅಳತೆಗೆ ಒಂದು ಕಾಳು ಪಕ್ಕಕ್ಕೆ ಇಡುವುದು ಅವರ ಲೆಕ್ಕ. ಕಣದಲ್ಲಿ ಯಾರೂ ಒಂದು ಎಂದು ಶುರು ಮಾಡುವುದಿಲ್ಲ, ಮೊದಲನೆಯದಕ್ಕೆ ಲಾಭ ಅನ್ನುತ್ತಾರೆ. ಟೀಚರೂ ಹಾಗೇ ಎಣಿಸುತ್ತಿದ್ದರು. ಲಾಭ, ಎರಡು, ಮೂರು. ಸಾಲಿನಲ್ಲಿ ಮೊದಲು ನಿಲ್ಲುವ ಮಾನಿಟರ್ ನಾನು, ಹಾಗಾಗಿ ನಾನು ಲಾಭ. ನನ್ನ ಹಿಂದೆ ರೇಣುಕಾ, ಎರಡು. ಹುಡುಗರು ಇಡೀ ದಿನ ನನ್ನನ್ನು "ಏ ಲಾಭ" ಎಂದು ಕಾಡಿಸಿದರು.

ಗಾಣಗಾಪುರದಲ್ಲಿ ಸಂಗಮದ ನೀರು ತಣ್ಣಗಿತ್ತು. ಟೀಚರ್ ಮೊಣಕಾಲಿನವರೆಗೆ ಮಾತ್ರ ಇಳಿಯಲು ಬಿಟ್ಟರು. ಆಮೇಲೆ ಹುಡುಗಿಯರನ್ನೆಲ್ಲ ಗುಂಪು ಮಾಡಿ ಒಂದು ಮರೆಗೆ ಕರೆದೊಯ್ದು, ತಾವು ಬೆನ್ನು ತಿರುಗಿಸಿ ಕಾವಲು ನಿಂತರು. "ಈಗ ಹೋಗಿ ಬರ್ರಿ. ಆಮ್ಯಾಲ ದಾರ್ಯಾಗ ಬಸ್ ನಿಂದ್ರಂಗಿಲ್ಲ" ಅಂದರು. ನಮಗೆ ನಾಚಿಕೆ, ಸಿಟ್ಟು. ಕೋಟೆಯಲ್ಲಿ ದೊಡ್ಡ ಫಿರಂಗಿ ತೋಪಿನ ಮೇಲೆ ಹತ್ತಲು ಚಂದ್ರು ಸರ್ ಬಿಟ್ಟರೆ ಟೀಚರ್ ಇಳಿಸಿದರು. ಹೊರಡುವಾಗ ಡಬ್ಬಿಯಲ್ಲಿ ಒಂದು ಕಾಳು ಕಡಿಮೆ ಬಿತ್ತು. ಇಪ್ಪತ್ತು ನಿಮಿಷ ಬಸ್ಸು ಬಿಸಿಲಲ್ಲಿ ನಿಂತಿತು. ಕೊನೆಗೆ ಪೀರಪ್ಪನೆಂಬ ಹುಡುಗ ತಲೆ ಕೆರೆಯುತ್ತ, "ತಿಂದೇನ್ರಿ ಟೀಚರ" ಅಂದ. ಟೀಚರ್ ನಗಲಿಲ್ಲ. ಸೆರಗಿನ ಗಂಟು ಬಿಚ್ಚಿ ಇನ್ನೊಂದು ಕಾಳು ತೆಗೆದು ಅವನ ಕೈಗಿಟ್ಟರು, ಅವನ ಕೈಯಿಂದಲೇ ಡಬ್ಬಿಗೆ ಹಾಕಿಸಿದರು. ಅಷ್ಟೊತ್ತಿಗೆ ನಾವೆಲ್ಲ ಅವರನ್ನು ಮನಸ್ಸಿನಲ್ಲೇ ಬಯ್ಯುತ್ತಿದ್ದೆವು.

ಹೊತ್ತು ಇಳಿಯುವಾಗ ಚೌಡಾಪುರದಲ್ಲಿ ಬಸ್ಸು ನಿಂತಿತು. ಚಂದ್ರು ಸರ್ ಎಲ್ಲರಿಗೂ ಮೆಣಸಿನಕಾಯಿ ಭಜಿ ಕೊಡಿಸಿದರು. ಟೀಚರ್ ಬೇಡವೆಂದಿದ್ದರು. "ದಿನಾ ತಿಂತಾವೇನ್ರಿ ಪಾಪ, ಹೋಗ್ಲಿ ಬಿಡ್ರಿ" ಎಂದು ಸರ್ ನಕ್ಕರು. ನಾವು "ಸರ್" ಎಂದು ಕೂಗಿದೆವು. ರೇಣುಕಾ ಐದು ತಿಂದಳು. ಭಜಿ ಅವಳಿಗೆ ಎಷ್ಟು ದಿನಕ್ಕೊಮ್ಮೆ ಸಿಗುತ್ತಿತ್ತೋ ಏನೋ.

ಅದೇ ಹೊತ್ತಿಗೆ ಒಬ್ಬ ಸಣ್ಣ ಹುಡುಗಿ ಬಸ್ಸಿನೊಳಗೆ ಟೀಚರ ಸೀರೆಯ ಮೇಲೇ ವಾಂತಿ ಮಾಡಿದಳು. ಟೀಚರ್ ಅವಳನ್ನು ಹಿಡಿದುಕೊಂಡಿದ್ದರು. "ಡಬ್ಬಿ ನನ್ನ ಕೈಯಾಗ ಕೊಡ್ರಿ ಟೀಚರ, ನಾ ಹತ್ತಿಸ್ತೇನಿ" ಎಂದು ಚಂದ್ರು ಸರ್ ತೆಗೆದುಕೊಂಡರು. ಹುಡುಗರು ಚಪ್ಪಾಳೆ ತಟ್ಟಿದರು. ಸಾಲು ಗೀಲು ಇಲ್ಲ, ನೂಕಾಟದಲ್ಲಿ ಹತ್ತತೊಡಗಿದರು.

ಆಗ ರೇಣುಕಾ ನನ್ನ ಕಿವಿಯಲ್ಲಿ, "ಸುವರ್ಣಾ, ನನಗ ಹೊಟ್ಟಿ ಹಿಡದದ. ಹೊರಕಡಿಗಿ ಹೋಗಬೇಕು" ಅಂದಳು.

"ಟೀಚರಿಗೆ ಹೇಳು."

"ಬೈತಾರ. ಭಜಿ ತಿನಬ್ಯಾಡ ಅಂದಿದ್ರು. ಸರಿಗೆ ಹೆಂಗ ಹೇಳ್ಲಿ? ಹುಡುಗ್ರು ಕೇಳಿದ್ರ ವರ್ಷಪೂರ್ತಿ ಕಾಡಸ್ತಾರ. ಈ ತೊಗರಿ ಹೊಲದಾಗ ಹೋಗಿ ಜಲ್ದಿ ಬರ್ತೇನಿ. ನನ್ನ ಕಾಳು ನೀನೇ ಹಾಕು."

ಕಾಳು ನನ್ನ ಅಂಗೈಗೆ ಒತ್ತಿ ಓಡಿದಳು. ಕಾಳು ಬೆವರಿಗೆ ಒದ್ದೆಯಾಗಿತ್ತು.

ನಾನು ಬಾಗಿಲಿಗೆ ಬಂದು ಎರಡೂ ಕಾಳು ಡಬ್ಬಿಗೆ ಹಾಕಿದೆ. ಟಿಕ್, ಟಿಕ್ ಎಂದು ಎರಡು ಸಲ ಸಪ್ಪಳವಾಯಿತು. ಚಂದ್ರು ಸರ್ ಡಬ್ಬಿ ನೋಡಿದರು, ನನ್ನನ್ನು ನೋಡಿದರು. ನಕ್ಕು, "ಹೋಗ್ಲಿ ಬಿಡು, ಜಲ್ದಿ ಹತ್ತು" ಅಂದರು. ಒಳಗೆ ಟೀಚರ್ ಒಂದು ಕೈಯಲ್ಲಿ ಹುಡುಗಿಯನ್ನು ಹಿಡಿದು ಇನ್ನೊಂದು ಕೈಯಲ್ಲಿ ಡಬ್ಬಿ ಬೋರಲು ಹಾಕಿಕೊಂಡು ತೊಡೆಯ ಮೇಲೆ ಕಾಳು ಎಣಿಸಿದರು. ಲಾಭ, ಎರಡು, ಮೂರು. ನಲವತ್ತೆರಡು. "ಬರಾಬರ್ ಅದಾವ. ನಡೀಲಿ" ಅಂದರು. ಬಸ್ಸು ಹೊರಟಿತು.

ಇಲ್ಲಿಂದ ಮುಂದಿನದನ್ನು ಇಷ್ಟು ವರ್ಷ ನಾನು ಯಾರ ಮುಂದೆಯೂ ಹೇಳಿರಲಿಲ್ಲ, ಗಂಡನ ಮುಂದೆ ಕೂಡ.

ಚಂದ್ರು ಸರ್ ಅಂತ್ಯಾಕ್ಷರಿ ಶುರು ಮಾಡಿದರು. ಹುಡುಗಿಯರ ಕಡೆ ನಾನೇ ಮುಂದಾಳು, ನನಗೆ ಹಾಡು ಚೆನ್ನಾಗಿ ಬರುತ್ತಿತ್ತು. ಸರ್ ನನ್ನನ್ನು ಮುಂದಿನ ಸೀಟಿಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ರೇಣುಕಾ ಹಿಂದೆ ಎಲ್ಲೋ ಹತ್ತಿರಬೇಕು ಅಂದುಕೊಂಡೆ. ಅಂದುಕೊಂಡೆ ಎನ್ನುವುದೂ ಪೂರ್ತಿ ನಿಜವಲ್ಲ. ಎರಡನೇ ಹಾಡು ಮುಗಿದಾಗ ಎದ್ದು ಹಿಂದೆ ನೋಡಿದ್ದೆ. ನಮ್ಮ ಸೀಟಿನಲ್ಲಿ ಅವಳ ಬುತ್ತಿ ಚೀಲ ಒಂದೇ ಇತ್ತು. ಈ ಹಾಡು ಮುಗಿಯಲಿ, ಹೇಳುತ್ತೇನೆ ಅಂದುಕೊಂಡೆ. ಹಾಡು ಮುಗಿಯಿತು. ಹುಡುಗರು ಸೋಲುವ ಹಂತಕ್ಕೆ ಬಂದಿದ್ದರು. ಇನ್ನೊಂದು ಹಾಡು ಮುಗಿಯಲಿ ಅಂದುಕೊಂಡೆ. ಈಗ ಹೇಳಿದರೆ ಟೀಚರ್ ಅಂಗೈ ಮುಂದೆ ಮಾಡು ಅನ್ನುತ್ತಾರೆ, ಎಲ್ಲರೆದುರು, ಸರ್ ಎದುರು. ಒಂದೇ ಒಂದು ಏಟು. ಆ ಒಂದು ಏಟು ತಪ್ಪಿಸಿಕೊಳ್ಳಲು ನಾನು ಹತ್ತು ಹದಿನೈದು ಮೈಲಿ ಹಾಡಿದೆ. ಕೆಟ್ಟ ಹುಡುಗಿಯಾಗಿದ್ದೆ ನಾನು, ಚಿಕ್ಕವಳು ಎಂದು ಈಗಲೂ ತೇಪೆ ಹಚ್ಚಲಾರೆ. ಅದೇ ವಯಸ್ಸಿನ ರೇಣುಕಾ ಆ ಹೊತ್ತಿಗೆ ಕತ್ತಲಾಗುವ ರಸ್ತೆಯಲ್ಲಿ ನಿಂತಿದ್ದಳು.

ಅಫಜಲಪುರ ಹತ್ತಿರ ಬರುವಾಗ ಟೀಚರ್ ಎದ್ದರು. ಉಳಿದ ಬುತ್ತಿ ಯಾರೂ ಮನೆಗೆ ವಾಪಸ್ ಒಯ್ಯಬಾರದು, ತಿಂದು ಮುಗಿಸಿ ಎಂದು ಸೀಟು ಸೀಟಿಗೆ ಹೋಗುತ್ತಿದ್ದವರು ಆ ಚೀಲದ ಮುಂದೆ ನಿಂತರು.

"ರೇಣುಕಾ ಎಲ್ಲಿ?"

ಹಾಡು ನಿಂತಿತು. ಟೀಚರ್ ಬೆರಳಿನಿಂದ ಒಬ್ಬೊಬ್ಬರ ತಲೆ ಮುಟ್ಟುತ್ತ ಎಣಿಸಿದರು. ನಲವತ್ತೊಂದು. ಇನ್ನೊಮ್ಮೆ ಎಣಿಸಿದರು. ಅವರ ಮುಖದ ಬಣ್ಣ ಇಳಿದುಹೋದದ್ದು ಬಸ್ಸಿನ ಮಂದ ದೀಪದಲ್ಲೂ ಕಂಡಿತು.

"ಕಾಳು ಪೂರಾ ಅದಾವ. ಎರಡು ಹಾಕಿದವರು ಯಾರು?"

ನಾನು ಕಾಲಬೆರಳು ನೋಡುತ್ತ ನಿಂತೆ. ಚಂದ್ರು ಸರ್ ಕಿಟಕಿಯಾಚೆ ನೋಡುತ್ತಿದ್ದರು.

ಬಸ್ಸು ತಿರುಗಿತು. ಅಷ್ಟೂ ದಾರಿ ಟೀಚರ್ ಕೂರಲಿಲ್ಲ. ಡ್ರೈವರನ ಹಿಂದಿನ ಕಂಬಿ ಹಿಡಿದು ರಸ್ತೆ ನೋಡುತ್ತ ನಿಂತೇ ಬಂದರು. ಚೌಡಾಪುರದ ಭಜಿ ಅಂಗಡಿಯ ಮುದುಕಿ ರೇಣುಕಾಳನ್ನು ಒಲೆಯ ಪಕ್ಕ ಕೂರಿಸಿಕೊಂಡು ಚಹಾ ಕುಡಿಸುತ್ತಿದ್ದಳು. ಬಸ್ಸಿನ ಹಿಂದೆ ಬಹಳ ದೂರ ಓಡಿದ್ದಳಂತೆ, ಒಂದು ಚಪ್ಪಲಿ ಹರಿದಿತ್ತು, ಮೊಣಕಾಲು ತರಚಿತ್ತು. ಟೀಚರನ್ನು ಕಂಡದ್ದೇ ಓಡಿಬಂದು ಅವರ ಹೊಟ್ಟೆಗೆ ಮುಖ ಹಚ್ಚಿ ಅತ್ತಳು. ಟೀಚರ್ ಬಯ್ಯಲಿಲ್ಲ. ತಮ್ಮ ಶಾಲು ಹೊದಿಸಿ, ಊರು ಬರುವವರೆಗೆ ತೊಡೆಯ ಮೇಲೆ ಅವಳ ತಲೆ ಇಟ್ಟುಕೊಂಡರು. ಬಸ್ಸು ಹತ್ತುವಾಗ ರೇಣುಕಾ ಒಮ್ಮೆ ನನ್ನನ್ನು ನೋಡಿದಳು. ಯಾರಿಗೂ ಏನೂ ಹೇಳಲಿಲ್ಲ.

ಮರುದಿನ ಮುಖ್ಯಗುರುಗಳ ಕೋಣೆಯಲ್ಲಿ ಕಮಿಟಿ ಕೂತಿತು. ನನ್ನನ್ನು ಕರೆಯುವ ಮೊದಲು ಅಲ್ಲಿ ನಡೆದದ್ದನ್ನು ಆಮೇಲೆ ಅಪ್ಪ ಮನೆಯಲ್ಲಿ ಹೇಳಿದ. ರೇಣುಕಾಗೆ ಜ್ವರ, ಬಂದಿರಲಿಲ್ಲ. ಅವಳ ಅಪ್ಪ ಬಾಗಿಲ ಹೊರಗೆ ಹೆಗಲ ಮೇಲಿನ ಟವೆಲ್ ಕೈಯಲ್ಲಿ ಹಿಡಿದು ನಿಂತಿದ್ದ. "ಹುಡುಗಿ ಸಿಕ್ಕಾಳ್ರಿ ಗೌಡ್ರ, ನನ್ನದೇನೂ ತಕರಾರಿಲ್ರಿ" ಎಂದು ಎರಡು ಸಲ ಹೇಳಿದ. ಅವನ ಮಾತು ಯಾರಿಗೂ ಬೇಕಿರಲಿಲ್ಲ. ಊರಿನವರ ಹೊಟ್ಟೆಯಲ್ಲಿ ಟೀಚರ ಬಗ್ಗೆ ಇದ್ದ ಹಳೆಯ ಸಿಟ್ಟು ಬೇರೆ, ಅದಕ್ಕೆ ಈಗೊಂದು ಹೆಸರು ಸಿಕ್ಕಿತ್ತು. ಒಬ್ಬರು, "ಹೊಡಿಯಾಕ ಬರ್ತದ, ಹುಡುಗ್ರನ್ನ ಕಾಯಾಕ ಬರಂಗಿಲ್ಲ" ಅಂದರು. ಇನ್ನೊಬ್ಬರು, "ಇಂಥವರಿಗೆ ನೌಕರಿ ಹೆಂಗ ಸಿಗ್ತಾವ ಎಲ್ಲಾರಿಗೂ ಗೊತ್ತದ ಬಿಡ್ರಿ" ಅಂದರು. ಟೀಚರ್ ಅಲ್ಲೇ ನಿಂತಿದ್ದರು. ಅವರಿಗೆ ಯಾರೂ ಕುರ್ಚಿ ಕೊಟ್ಟಿರಲಿಲ್ಲ.

ಮುಖ್ಯಗುರುಗಳು ಒಳ್ಳೆಯವರು. "ಚೌಡಾಪುರದಾಗ ಹತ್ತಿಸಿದವರು ಯಾರು? ಡಬ್ಬಿ ಯಾರ ಕೈಯಾಗ ಇತ್ತು?" ಎಂದು ಕೇಳಿದರು.

ಚಂದ್ರು ಸರ್ ಕೆಮ್ಮಿದರು. "ಡಬ್ಬಿ ಟೀಚರದೇ ಅಲ್ರಿ ಸರ್. ಲೆಕ್ಕ ಅವ್ರೇ ಮಾಡೋರು" ಅಂದರು. ಒಂದೊಂದು ಮಾತೂ ನಿಜ, ಕೂಡಿಸಿದರೆ ಸುಳ್ಳು.

ಆಗ ನಮ್ಮಪ್ಪ, "ನನ್ನ ಮಗಳು ಮಾನಿಟರ್ ಅದಾಳ. ಸುಳ್ಳು ಹೇಳಾಕ ಆಕೀಗೆ ಬರಂಗಿಲ್ಲ. ಆಕೀನ್ನ ಕೇಳ್ರಿ" ಅಂದ.

ಕ್ಲಾಸಿನಿಂದ ನನ್ನನ್ನು ಕರೆಸಿದರು. ಡಬ್ಬಿ ಸರ್ ಕೈಯಲ್ಲಿತ್ತು ಅಂದರೆ ಸರ್ ನನ್ನ ಎರಡು ಕಾಳಿನ ಮಾತು ಹೇಳುತ್ತಾರೆ ಎಂಬಷ್ಟು ಲೆಕ್ಕ ನನಗೂ ಬರುತ್ತಿತ್ತು. ಅಪ್ಪ ಹೆಮ್ಮೆಯಿಂದ ಮೀಸೆ ತಿರುವುತ್ತ ಕೂತಿದ್ದ. ನಾನು ಗೋಡೆಯ ನಕಾಶೆ ನೋಡುತ್ತ, "ಟೀಚರ ಕೈಯಾಗ ಇತ್ರಿ" ಅಂದೆ.

ಟೀಚರ್ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ, ಬೋರ್ಡಿನ ಮೇಲೆ ಲೆಕ್ಕ ತಪ್ಪಿದಾಗ ಎಲ್ಲಿ ತಪ್ಪಿತೆಂದು ಹುಡುಕುವಾಗ ನೋಡುವಂತೆ. ಆಮೇಲೆ ಮುಖ್ಯಗುರುಗಳ ಕಡೆ ತಿರುಗಿ, "ಡಬ್ಬಿ ನಂದು ಸರ್. ಯಾರ ಕೈಯಾಗಿದ್ರೂ ಲೆಕ್ಕ ನಂದೇ" ಅಂದರು. ಮುಗಿಯಿತು. ವಾರದೊಳಗೆ ಅವರನ್ನು ಜೇವರ್ಗಿ ತಾಲ್ಲೂಕಿನ ಯಾವುದೋ ಮೂಲೆಯ ಶಾಲೆಗೆ ಹಾಕಿದ ಆದೇಶ ಬಂತು. ಅವರ ಊರ ಕಡೆಗೇ ಹಾಕ್ಯಾರ, ಒಳ್ಳೇದೇ ಆಯ್ತಲ್ಲ ಎಂದು ಅವ್ವ ಅಂದಳು.

ಟೀಚರ್ ಹೊರಟದ್ದು ಎಳ್ಳ ಅಮಾವಾಸ್ಯೆಯ ದಿನ. ನಮ್ಮ ಕಡೆ ಆ ದಿನ ಊರೆಂಬ ಊರೇ ಖಾಲಿ. ಬಂಡಿ ಕಟ್ಟಿ, ಹಸಿಕಾಳು ಸೊಪ್ಪಿನ ಬಜ್ಜಿ, ಸಜ್ಜಿ ಕಡುಬು, ಹೋಳಿಗೆ ಹೊತ್ತು ಎಲ್ಲರೂ ಹೊಲಕ್ಕೆ ಹೋಗಿ ಬೆಳೆಗೆ ನೈವೇದ್ಯದ ಚರಗ ಚೆಲ್ಲಿ ಉಣ್ಣುವ ದಿನ. ಯಾರ ಕಣ್ಣಿಗೂ ಬೀಳಬಾರದೆಂದೇ ಆ ದಿನ ಆರಿಸಿಕೊಂಡರು ಎಂದು ಎಲ್ಲರೂ ತಿಳಿದರು, ನಾನೂ. ನಮ್ಮ ಹೊಲ ರಸ್ತೆಗೆ ಹತ್ತಿಕೊಂಡೇ ಇತ್ತು, ಎದುರಿಗೇ ಬಸ್ ನಿಲ್ಲುವ ಕಟ್ಟೆ. ನಾನು ಹೊಸ ಅಂಗಿ ಹಾಕಿ ಎರಡೂ ಜಡೆಗೆ ಕೆಂಪು ರಿಬ್ಬನ್ ಕಟ್ಟಿಕೊಂಡಿದ್ದೆ. ಉಂಡು ಜೋಳದ ಸಾಲುಗಳ ನಡುವೆ ಆಡುತ್ತ ರಸ್ತೆಯ ಅಂಚಿಗೆ ಬಂದವಳು ತಟ್ಟನೆ ನಿಂತೆ. ಕಟ್ಟೆಯ ಮೇಲೆ ಪುತಳಾಬಾಯಿ ಟೀಚರ್. ಪಕ್ಕದಲ್ಲಿ ಟ್ರಂಕು. ಟ್ರಂಕಿನ ಮೇಲೆ ರೇಣುಕಾ.

ನಾನು ಸರಕ್ಕನೆ ಕುಕ್ಕರುಗಾಲಲ್ಲಿ ಕೂತೆ. ಜೋಳದ ಗರಿ ಕೆನ್ನೆ ಕೊಯ್ಯುತ್ತಿತ್ತು. ರೇಣುಕಾ ಟೀಚರಿಗೆ ಏನೋ ಹೇಳುತ್ತಿದ್ದಳು, ನನ್ನ ಬಗ್ಗೆಯೇ ಇರಬೇಕು. ಒಂದು ಬಸ್ಸು ಬಂತು, ನಿಂತಿತು, ಹೋಯಿತು. ಟೀಚರ್ ಹತ್ತಲಿಲ್ಲ. ಸೀಟು ಇರಲಿಕ್ಕಿಲ್ಲ ಅಂದುಕೊಂಡೆ. ಇನ್ನೂ ಒಂದು ತಾಸು ಅವರು ಅಲ್ಲೇ ಕೂತರು. ನಾನೂ ಕೂತೇ ಇದ್ದೆ, ಕಾಲು ಜೋಮು ಹಿಡಿದು ಸತ್ತುಹೋದಂತಾಗಿತ್ತು. ಎರಡನೇ ಬಸ್ಸು ಬಂದಾಗ ಟ್ರಂಕು ಮೇಲೇರಿತು. ನಾನು ಎದ್ದು ಅವ್ವನ ಹತ್ತಿರ ಹೋಗಿ ಇನ್ನೊಂದು ಹೋಳಿಗೆ ಇಸಿದುಕೊಂಡು ತಿಂದೆ. ತಿಂದೆ, ಅದೂ ನೆನಪಿದೆ.

ಬೆಳಗಿನ ಕ್ಲಾಸು ಚಂದ್ರು ಸರ್ ಪಾಲಿಗೆ ಬಂತು. "ಈ ಚಳಿ ಒಂದೀಟು ಹೋಗ್ಲಿ, ಆಮ್ಯಾಲ ಮಾಡೋಣು" ಅಂದರು. ಚಳಿ ಹೋಯಿತು, ಪರೀಕ್ಷೆಯೂ ಬಂದು ಹೋಯಿತು. ಅಪ್ಪ ನನ್ನನ್ನು ಅಫಜಲಪುರದಲ್ಲಿ ಟ್ಯೂಶನ್‌ಗೆ ಹಾಕಿದ್ದ, ನಾನು ಪಾಸಾದೆ. ರೇಣುಕಾ ಸ್ವಲ್ಪದರಲ್ಲಿ ತಪ್ಪಿದಳು. ನಾನು ವಸತಿ ಶಾಲೆಯಿಂದ ಮೊದಲ ರಜೆಗೆ ಬಂದಾಗ ಅವಳು ನಮ್ಮ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಅವಳು ಕೈ ಎತ್ತಿದಳು. ನಾನು ಬಿಸಿಲಿಗೆ ಕಣ್ಣು ಕಿರಿದಾಗಿಸಿಕೊಂಡು, ಕಾಣದವಳಂತೆ ಹೋದೆ.

ಹೋದ ತಿಂಗಳ ಪ್ರವಾಸದಿಂದ ಬಸ್ಸು ಸಂಜೆ ವಾಪಸ್ ಬಂತು. ಪ್ರತಿ ನಿಲುಗಡೆಯಲ್ಲೂ ಮೂರು ಮೂರು ಸಲ ತಲೆ ಎಣಿಸಿದ್ದೆ. ಜೊತೆಗೆ ಬಂದ ಮಾಸ್ತರರು, "ಟೀಚರ, ಹುಡುಗ್ರ ತಲಿ ಸವದು ಹೋಗ್ತಾವ್ರಿ" ಎಂದು ನಕ್ಕಿದ್ದರು. ಮಕ್ಕಳೆಲ್ಲ ಇಳಿದು ಹೋದರು. ರೇಣುಕಾ ಬೇವಿನ ಮರದ ಕೆಳಗೆ ಕಾಯುತ್ತಿದ್ದಳು. ಭಾಗ್ಯಶ್ರೀಯನ್ನು ನಾನೇ ಕೈ ಹಿಡಿದು ಕರೆದೊಯ್ದು ಅವಳ ಕೈಗೆ ಕೊಟ್ಟೆ. ಕೊಟ್ಟು ನಿಂತೆ. ಇನ್ನೊಂದು ಚಳಿಗಾಲ ಓಡುವ ಶಕ್ತಿ ನನಗಿರಲಿಲ್ಲ.

"ರೇಣುಕಾ, ಕಮಿಟಿ ಮುಂದ ನಾ ಸುಳ್ಳು ಹೇಳಿದ್ದೆ. ಡಬ್ಬಿ ಟೀಚರ ಕೈಯಾಗ ಇತ್ತು ಅಂದಿದ್ದೆ."

"ಗೊತ್ತದ" ಅಂದಳು. "ನಮ್ಮಪ್ಪ ಬಾಗಿಲದಾಗ ನಿಂತಿದ್ನಲ್ಲ."

"ಎರಡು ಕಾಳು ನಾ ಹಾಕಿದ್ದು ಟೀಚರಿಗೆ ಕಡೀತನಾ ಗೊತ್ತಾಗಲೇ ಇಲ್ಲ."

ರೇಣುಕಾ ಮಗಳನ್ನು ಮುಂದೆ ನಡೆ ಎಂದು ಕಳಿಸಿದಳು. "ಕಮಿಟಿ ಕೂತ ದಿನ ಸಂಜೀಕ ನನ್ನ ಜ್ವರ ನೋಡಾಕ ಮನಿಗಿ ಬಂದಿದ್ರು ಟೀಚರ. ಆವತ್ತೇ ಎಲ್ಲಾ ಹೇಳೇನಿ ನಾ. ಮುಖ್ಯಗುರುಗಳ ಮುಂದ ಹೇಳ್ತೇನಿ ಅಂದ್ರ ಬ್ಯಾಡ ಅಂದ್ರು. ನಿಮ್ಮಪ್ಪನ ಕೂಲಿ ಹೋಗ್ತದ, ನೀ ಸುಮ್ಮನಿರು, ಆಕಿ ಶಾಣ್ಯಾ ಹುಡುಗಿ ಅದಾಳ, ತಾನಾಗೇ ಬಂದು ಹೇಳ್ತಾಳ ಅಂದ್ರು."

ರೇಣುಕಾ ಸೆರಗನ್ನು ಮತ್ತೆ ಕಿವಿಗೆ ಸುತ್ತಿಕೊಂಡಳು.

"ಅಮಾಸಿ ದಿನ ಯಾಕ ಹೊಂಟ್ರಂದಿ? ನಿಮ್ಮ ಹೊಲ ಕಟ್ಟಿ ಎದುರಿಗೇ ಅದ, ನೀ ಅಲ್ಲೇ ಇರ್ತಿ ಅಂತ. ಜ್ವಾಳದಾಗ ನಿನ್ನ ಕೆಂಪು ರಿಬ್ಬನ್ ಕಾಣಾಕತ್ತಿತ್ತು. ನಾ ಕರೀತೇನಿ ಅಂದೆ. ಕರೀಬ್ಯಾಡ, ಬರ್ಲಿ ಅಂದ್ರು. ನಿನ್ನ ಸಲುವಾಗಿ ಒಂದು ಬಸ್ ಬಿಟ್ರು."

"ಆ ಬಸ್ಸಿನಾಗ ಸೀಟಿರಲಿಲ್ಲ ಅಲ್ಲೇನು?" ಅಂದೆ.

"ಎಳ್ಳಮಾಸಿ ದಿನ ಬಸ್ಸಿನಾಗ ಯಾರಿರ್ತಾರ? ಪೂರಾ ಖಾಲಿ ಇತ್ತು."

ನಾನು ಬೇವಿನ ಕಟ್ಟೆಯ ಮೇಲೆ ಕೂತುಬಿಟ್ಟೆ. ಅತ್ತೆನೋ ಇಲ್ಲವೋ ತಿಳಿಯದು. ರೇಣುಕಾ ಸಮಾಧಾನ ಹೇಳಲಿಲ್ಲ, ಬಯ್ಯಲೂ ಇಲ್ಲ. ಸೊಂಟದ ಚೀಲದಿಂದ ಮೊಬೈಲ್ ತೆಗೆದು ಹುಡುಕಿ, ಒತ್ತಿ, ನನ್ನ ಕೈಗಿಟ್ಟಳು. "ರಿಟೈರ್ ಆಗ್ಯಾರ, ಜೇವರ್ಗ್ಯಾಗ ಇರ್ತಾರ. ಇವಳ ಲೆಕ್ಕ ಅವ್ರೇ ಫೋನಿನಾಗ ಹೇಳಿಕೊಡ್ತಾರ" ಅಂದಳು.

ಆ ಕಡೆಯಿಂದ, "ಹೇಳು ರೇಣುಕಾ" ಎಂಬ ದನಿ ಬಂತು. ಮುದಿಯಾಗಿತ್ತು, ಆದರೆ ಅದೇ ದನಿ. ಉತ್ತರ ಬಾರದಿದ್ದಾಗ ಅವರು ಫೋನ್ ಇಡಬಹುದಿತ್ತು. ಇಡಲಿಲ್ಲ. ಯಾರು ಎಂದೂ ಕೇಳಲಿಲ್ಲ, ಕಾಯುತ್ತಿದ್ದರು.

"ನಾ ಸುವರ್ಣಾ ರಿ ಟೀಚರ. ಡಬ್ಬಿ ಸರ್ ಕೈಯಾಗ ಇತ್ರಿ. ಎರಡು ಕಾಳು ನಾ ಹಾಕಿದ್ದೆ."

"ಭಾಳ ತಡಾ ಮಾಡಿದಿ."

"ಹೌದ್ರಿ."

"ಟೀಚರ ಆಗೀಯಂತಲ್ಲ ನೀನೂ. ಇವತ್ತ ಎಷ್ಟು ಹುಡುಗ್ರನ್ನ ಒಯ್ದಿದ್ದಿ?"

"ಮೂವತ್ತೆಂಟ್ರಿ."

"ತಿರುಗಿ ಎಷ್ಟು ಬಂದ್ವು?"

"ಮೂವತ್ತೆಂಟೂ ಬಂದ್ವು ರಿ."

"ತಲಿ ಮುಟ್ಟಿ ಎಣಿಸಿದೆ?"

"ಹೌದ್ರಿ ಟೀಚರ."

"ಹಂಗೇ ಎಣಿಸು. ಕಾಳು ನಂಬಿ ನಾ ಕೆಟ್ಟೆ" ಅಂದರು. "ರೇಣುಕಾನ ಕೈಯಾಗ ಕೊಡು, ಆಕಿ ಮಗಳದು ನಿನ್ನೆಯ ಒಂದು ಲೆಕ್ಕ ಬಾಕಿ ಅದ."

ನಾನು ಫೋನನ್ನು ರೇಣುಕಾಳ ಕೈಗೆ ಕೊಟ್ಟೆ.